ಕೂದಲೆಳೆಯಲ್ಲಿ ಎರಡೂರ ನೀರು

ಮುಂಬಯಿಯ ಜೋಗೇಶ್ವರಿಯ ನಲ್ಲಿಗೆ ಬೆಳಿಗ್ಗೆ ಬರುವ ನೀರಿನ ಬಹುಪಾಲು ನಗರದಾಚೆಯ ಬೆಟ್ಟಗಳಿಂದ ಬಂದದ್ದು. ಮೇಲಿನ ವೈತರಣಾ, ನಡು ವೈತರಣಾ, ಮೋಡಕ್ ಸಾಗರ, ತಾನಸಾ, ಭಾತ್ಸಾ, ಜೊತೆಗೆ ನಗರದ ಮಗ್ಗುಲಲ್ಲೇ ಇರುವ ವಿಹಾರ ಮತ್ತು ತುಳಸಿ. ಮಳೆಗಾಲ ಹಿಡಿಯಿತೆಂದರೆ ಈ ಏಳು ಕೆರೆಗಳಲ್ಲಿ ಎಷ್ಟೆಷ್ಟು ನೀರು ಸೇರಿತೆಂದು ಇಲ್ಲಿನ ಪತ್ರಿಕೆಗಳು ದಿನವೂ ಲೆಕ್ಕ ಕೊಡುತ್ತವೆ. ಕೆರೆ ತುಂಬದಿದ್ದರೆ ನೀರು ಕಡಿತ, ಪೈಪು ಒಡೆದರೆ ಗಲಾಟೆ, ಬಣ್ಣ ಕೆಟ್ಟರೆ ವಾರ್ಡ್ ಕಚೇರಿಗೆ ದೂರು. ಬಡವರಿಗೆ ಇದು ಸಲೀಸಾಗಿ ಸಿಗುತ್ತದೆ ಎಂದೇನಲ್ಲ. ಒಂದು ನಲ್ಲಿಗೆ ಎಷ್ಟು ಮನೆ, ಎಷ್ಟು ಹೊತ್ತು ನೀರು ಎಂಬ ಜಗಳ ಮೇಘವಾಡಿಯ ಕಡೆಯ ಚಾಳುಗಳಿಗೆ ಹೊಸದೂ ಅಲ್ಲ. ಆದರೂ ಬಂದ ನೀರಿನಲ್ಲಿ ಏನಿದೆ ಎಂದು ನೋಡುವ ಪ್ರಯೋಗಾಲಯವೊಂದು ಅದರ ಹಿಂದೆ ಇದೆ.

ವಿಕ್ರೋಳಿ ಲಿಂಕ್ ರಸ್ತೆಯ ಆಸುಪಾಸಿನಲ್ಲಿ, ಏಳುತ್ತಿರುವ ಗೋಪುರಗಳ ಬುಡದಲ್ಲಿ, ಮೋರಿ ಅಗೆಯುವಲ್ಲಿ ಕೆಲಸ ಮಾಡುವವರ ಮಾತಿಗೆ ಕಿವಿಗೊಟ್ಟರೆ ನಮ್ಮ ಕಡೆಯ ಕನ್ನಡ ಆಗಾಗ ಕೇಳುತ್ತದೆ. ಕಲಬುರಗಿ, ಯಾದಗಿರಿ, ವಿಜಯಪುರದ ಹಳ್ಳಿಗಳಿಂದ, ತಾಂಡಾಗಳಿಂದ ಗುಳೆ ಬಂದವರು. ತಮ್ಮತಮ್ಮಲ್ಲಿ ಲಂಬಾಣಿ ಮಾತು, ಮುಕಾದಮನೊಡನೆ ಮುರುಕು ಹಿಂದಿ, ಊರಿನವರು ಸಿಕ್ಕರೆ ಕನ್ನಡ. ಸುಗ್ಗಿ ಮುಗಿದ ಮೇಲೆ ಬಂದು, ಮಳೆ ಬೀಳುವ ಹೊತ್ತಿಗೆ ಬಿತ್ತನೆಗೆಂದು ಮರಳುತ್ತಾರೆ. ವರ್ಷದಲ್ಲಿ ಅರ್ಧಕಾಲ ಅವರು ಕುಡಿಯುವುದು ವೈತರಣಾದ ನೀರು, ಉಳಿದರ್ಧ ಊರಿನ ಬೋರಿಂಗ್ ನೀರು. ನಾನು ಬರೆಯಹೊರಟಿರುವುದು ಆ ಉಳಿದರ್ಧದ ಬಗ್ಗೆ, ಅದರಲ್ಲೂ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಒಂದು ಮೂಲೆಯ ಬಗ್ಗೆ.

ಆ ಮೂಲೆಯಲ್ಲಿ ಒಂದು ಮಂಗಳೂರು ಇದೆ. ಕಡಲ ತೀರದ್ದಲ್ಲ, ಇದು ಚಿನ್ನದ ಮಂಗಳೂರು. ಇಲ್ಲಿನ ಬಂಡೆ ಭೂಮಿಯ ಅತಿ ಹಳೆಯ ಬಂಡೆಗಳ ಪೈಕಿ. ನಾವಿಲ್ಲಿ ಜೋಗೇಶ್ವರಿಯಲ್ಲಿ ನಿಂತಿರುವ ನೆಲ ಹೆಚ್ಚೆಂದರೆ 6.6 ಕೋಟಿ ವರ್ಷ ಹಿಂದಿನ ಜ್ವಾಲಾಮುಖಿಗಳು ಉಗುಳಿದ್ದು. ಆರನೇ ಶತಮಾನದಲ್ಲಿ ಶಿವಭಕ್ತರು ಜೋಗೇಶ್ವರಿ ಗುಹೆಯನ್ನು ಕೊರೆದದ್ದು ಈ ಕಲ್ಲಿನಲ್ಲೇ. ಸುರಪುರದ ಮಂಗಳೂರಿನ ಕೆಳಗಿರುವ ಹಸಿರುಶಿಲೆಯ ಪಟ್ಟಿಗೆ ಇನ್ನೂರೈವತ್ತು ಕೋಟಿ ವರ್ಷಕ್ಕೂ ಹೆಚ್ಚಿನ ಪ್ರಾಯ. ಹಟ್ಟಿ, ಕೋಲಾರ, ಗದಗಗಳ ಚಿನ್ನವೂ ಇಂಥದೇ ಪಟ್ಟಿಗಳಲ್ಲಿ ಸಿಕ್ಕಿದ್ದು. ನೆಲದಾಳದ ಬಿಸಿನೀರು ಬಂಡೆಯ ಬಿರುಕುಗಳಲ್ಲಿ ಹರಿದು ಬೆಣಚುಕಲ್ಲಿನ ಎಳೆಗಳನ್ನು ಕಟ್ಟುವಾಗ ಚಿನ್ನವನ್ನು ಒಂಟಿಯಾಗಿ ತರಲಿಲ್ಲ. ಜೊತೆಗೆ ಗಂಧಕ, ಕಬ್ಬಿಣ ಮತ್ತು ಆರ್ಸೆನಿಕ್ ಬಂದವು. ಈ ಮೂರೂ ಕೂಡಿ ಆದ ಬೆಳ್ಳಿ ಬಣ್ಣದ ಖನಿಜಕ್ಕೆ ಆರ್ಸೆನೋಪೈರೈಟ್ ಎನ್ನುತ್ತಾರೆ. ತೂಕದಲ್ಲಿ ಅದರ ನೂರಕ್ಕೆ 46 ಭಾಗ ಆರ್ಸೆನಿಕ್. ಚಿನ್ನ ಹುಡುಕುವ ಭೂವಿಜ್ಞಾನಿಗೆ ಮಣ್ಣಿನಲ್ಲಿ ಆರ್ಸೆನಿಕ್ ಕಂಡರೆ ಖುಷಿ, ಏಕೆಂದರೆ ಚಿನ್ನ ಹತ್ತಿರದಲ್ಲಿದೆ ಎಂದು ಅದು ಹೇಳುತ್ತದೆ. ಅದೇ ಊರಿನ ಕುಡಿಯುವ ನೀರನ್ನು ಪರೀಕ್ಷಿಸಬೇಕಾದ ಇಲಾಖೆಗೆ ಈ ಮಾಹಿತಿ ದಾಟಲೇ ಇಲ್ಲ ಎಂಬುದು ನಮ್ಮ ಕಥೆಯ ಅರ್ಧ.

ಈ ಸೀಮೆಯಲ್ಲಿ ಚಿನ್ನ ಅಗೆದದ್ದು ಬ್ರಿಟಿಷರು ಮೊದಲಲ್ಲ. ಹಟ್ಟಿಯಲ್ಲಿ ಹಿಂದಿನವರು ಬೆಂಕಿ ಹಾಕಿ ಬಂಡೆ ಸೀಳಿ 600 ಅಡಿಗೂ ಆಳಕ್ಕೆ ಇಳಿದಿದ್ದರು. 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನವನ್ನು ಪತ್ತೆ ಮಾಡಿದ ಸಿ. ಬೀಡನ್ ಇತಿಹಾಸಕಾರನಲ್ಲ, ಚಿನ್ನದ ಗಣಿಯ ಎಂಜಿನಿಯರ್. ನಿಜಾಮರ ಆಳ್ವಿಕೆಯಲ್ಲಿ ಬಂದ ಕಂಪನಿಗಳು ಹಳಬರ ಗುಂಡಿಗಳ ಜಾಡು ಹಿಡಿದೇ ಹೊಸ ಬಾವಿ ತೋಡಿದವು. ಸುರಪುರದ ಮಂಗಳೂರಿನಲ್ಲೂ ಹಳೆಯ ಅಗೆತದ ಗುರುತುಗಳಿದ್ದವು. ಅಲ್ಲಿನ ಗಣಿಗಾರಿಕೆಯ ಕೊನೆಯ ಸುತ್ತು 1990ರ ದಶಕದಲ್ಲಿ ಮುಗಿಯಿತು. ಅದಿರು ತೆಳುವಾಯಿತು, ಖರ್ಚು ಗಿಟ್ಟಲಿಲ್ಲ, ಬಾಗಿಲು ಮುಚ್ಚಿತು. ಹಟ್ಟಿಗೋ ಕೋಲಾರಕ್ಕೋ ಹೋಲಿಸಿದರೆ ಅದು ಪುಟ್ಟ ಗಣಿ, ಯಾರ ನೆನಪಿನಲ್ಲೂ ಉಳಿಯುವಂಥದಲ್ಲ.

ಗಣಿ ಸಣ್ಣದಿರಲಿ ದೊಡ್ಡದಿರಲಿ, ಕೆಲಸದ ಬಗೆ ಒಂದೇ. ಒಂದು ಟನ್ ಕಲ್ಲಿನಲ್ಲಿ ಚಿನ್ನ ಇರುವುದು ಕೆಲವೇ ಗ್ರಾಂ. ಅದನ್ನು ಬಿಡಿಸಲು ಇಡೀ ಟನ್ನನ್ನು ಹಿಟ್ಟಿನಂತೆ ನುಣ್ಣಗೆ ಅರೆಯಬೇಕು, ಸಯನೈಡ್ ದ್ರಾವಣದಲ್ಲಿ ನೆನೆಸಬೇಕು. ಚಿನ್ನ ಹೊರಟುಹೋದ ಮೇಲೆ ಉಳಿಯುವ ಪುಡಿ ಹೆಚ್ಚುಕಡಿಮೆ ಒಂದು ಟನ್ನೇ. ಬಂಡೆಯೊಳಗೆ ಗಾಳಿ ತಾಕದೆ ಕೋಟಿಗಟ್ಟಲೆ ವರ್ಷ ಸುಮ್ಮನಿದ್ದ ಆರ್ಸೆನೋಪೈರೈಟ್ ಈಗ ಪುಡಿಯಾಗಿ ಮಳೆಗೂ ಗಾಳಿಗೂ ಒಡ್ಡಿಕೊಳ್ಳುತ್ತದೆ. ಇಡೀ ಮೆಣಸಿಗಿಂತ ಕುಟ್ಟಿದ ಮೆಣಸು ಸಾರಿಗೆ ಬೇಗ ಖಾರ ಬಿಡುವ ಹಾಗೆ, ಕಲ್ಲು ಸಣ್ಣದಾದಷ್ಟೂ ಅದರ ಮೈ ಹಿಗ್ಗುತ್ತದೆ, ಒಳಗಿದ್ದದ್ದು ಬೇಗ ಹೊರಬರುತ್ತದೆ. ಗಂಧಕ ಆಮ್ಲವಾಗುತ್ತದೆ, ಕಬ್ಬಿಣ ತುಕ್ಕಾಗುತ್ತದೆ, ಆರ್ಸೆನಿಕ್ ನೀರಿಗಿಳಿಯುತ್ತದೆ. ಸ್ವಲ್ಪ ಭಾಗವನ್ನು ಆ ತುಕ್ಕೇ ಮತ್ತೆ ಹಿಡಿದುಕೊಳ್ಳುತ್ತದೆ ನಿಜ. ಹಿಡಿದದ್ದನ್ನು ಯಾವಾಗ ಬಿಡುತ್ತದೆ ಎಂಬುದು ನೀರಿನ ಆಮ್ಲ-ಕ್ಷಾರ ಗುಣ, ಅದರಲ್ಲಿರುವ ಆಮ್ಲಜನಕ ಮತ್ತು ಇತರ ಲವಣಗಳ ಮೇಲೆ ನಿಂತಿದೆ. ಹೀಗಾಗಿ ಒಂದೇ ಊರಿನ ಎರಡು ಬೋರ್‌ಗಳಲ್ಲಿ ಒಂದು ಒಳ್ಳೆಯದು, ಇನ್ನೊಂದು ವಿಷ ಆಗಿರಬಹುದು. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಉಪ್ಪು ನೀರಾದರೆ ನಾಲಿಗೆ ಹೇಳುತ್ತದೆ, ಕಬ್ಬಿಣದ ನೀರಾದರೆ ಕೊಡದ ಕಲೆ ಹೇಳುತ್ತದೆ. ಆರ್ಸೆನಿಕ್ ನೀರು ಕುಡಿಯಲು ಸಿಹಿಯಾಗಿಯೇ ಇರಬಹುದು.

ಹಾಗಾದರೆ ಜನ ಬೋರಿಂಗ್ ನೀರಿಗೆ ಹೋದದ್ದೇಕೆ? ಇದಕ್ಕೊಂದು ಹಿನ್ನೆಲೆಯಿದೆ, ಅದನ್ನು ಹೇಳದೆ ಮುಂದೆ ಹೋದರೆ ಅನ್ಯಾಯವಾಗುತ್ತದೆ. ಉತ್ತರ ಕರ್ನಾಟಕದ ಹಿರಿಯರಿಗೆ ನಾರುಹುಣ್ಣು ಗೊತ್ತು. ಮೆಟ್ಟಿಲು ಬಾವಿಗೆ ಇಳಿದು ನೀರು ತರುವವರ ಕಾಲಿನಿಂದ ಹುಳುವಿನ ಮರಿ ನೀರಿಗೆ ಸೇರಿ, ಆ ನೀರು ಕುಡಿದವರ ಕಾಲಿನಲ್ಲಿ ಮುಂದಿನ ವರ್ಷ ಗಜದುದ್ದದ ಹುಳುವಾಗಿ ಹೊರಬರುತ್ತಿತ್ತು. ಸುಗ್ಗಿಯ ಹೊತ್ತಿಗೆ ಮನೆಮಂದಿಯೆಲ್ಲ ಹಾಸಿಗೆ ಹಿಡಿಯುತ್ತಿದ್ದರು. 1980ರ ದಶಕದಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಮೆಟ್ಟಿಲು ಬಾವಿಗಳನ್ನು ಮುಚ್ಚಿ ಕೈಪಂಪುಗಳನ್ನು ಹಾಕಿದರು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ದೊಡ್ಡ ಗೆಲುವು, ಅನುಮಾನವೇ ಇಲ್ಲ. ಆದರೆ ಮೇಲ್ಮೈಯ ನೀರು ಬಿಟ್ಟು ಬಂಡೆಯ ಬಿರುಕಿಗೆ ಕೊಳವೆ ಇಳಿಸಿದಾಗ, ಆ ಬಂಡೆ ಯಾವುದು ಎಂದು ಯಾರೂ ಕೇಳಲಿಲ್ಲ. ಬೋರ್ ನೀರು ಎಂದರೆ ಶುದ್ಧ ನೀರು ಎಂದು ಸರ್ಕಾರವೇ ಊರೂರಿಗೆ ಹೇಳಿಕೊಟ್ಟಿತ್ತು. ಬಂಗಾಳದಲ್ಲೂ ಆದದ್ದು ಇದೇ. ಅಲ್ಲಿ ಕಾಲರಾ, ಭೇದಿಗಳಿಂದ ತಪ್ಪಿಸಿಕೊಳ್ಳಲು ಹಾಕಿದ ಕೊಳವೆ ಬಾವಿಗಳು ಗಂಗಾ ಬಯಲಿನ ಹೂಳಿನಿಂದ ಆರ್ಸೆನಿಕ್ ಎಳೆದು ತಂದವು. 1983ರಲ್ಲಿ ಕೋಲ್ಕತ್ತದ ಚರ್ಮವೈದ್ಯ ಕೆ. ಸಿ. ಸಹಾ ರೋಗಿಗಳ ಅಂಗೈ ನೋಡಿ ಅದನ್ನು ಗುರುತಿಸಿದರು.

ಸುರಪುರದ ಮಂಗಳೂರಿನ ಸುತ್ತಲ ನೆಲದ ವಿಷಯ ಹೊರಗೆ ಬಂದದ್ದು ಬಹಳ ತಡವಾಗಿ, ಅದೂ ಅಂಗೈ, ಅಂಗಾಲುಗಳಿಂದಲೇ. ಗಣಿಗೆ ಹತ್ತಿರದ ಕಿರದಳ್ಳಿ ತಾಂಡಾದಲ್ಲಿ ಜನರ ಮೈಮೇಲೆ ಮಚ್ಚೆ, ಅಂಗಾಲಿನಲ್ಲಿ ಆಣಿಯಂಥ ಗಂಟು, ಆರದ ಹುಣ್ಣು. ಬಂಗಾಳದ ಆರ್ಸೆನಿಕ್ ಬಗ್ಗೆ ಜೀವನವಿಡೀ ಕೆಲಸ ಮಾಡಿದ, 2018ರಲ್ಲಿ ತೀರಿಕೊಂಡ ಜಾಧವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು ಇಲ್ಲಿನ ನೀರು, ಮಣ್ಣು, ಕೂದಲು, ಉಗುರುಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ವರದಿ ಕರ್ನಾಟಕದ ಮಟ್ಟಿಗೆ ಇಂಥದರಲ್ಲಿ ಮೊದಮೊದಲಿನದು. 59 ಕೊಳವೆ ಬಾವಿಗಳ ನೀರಿನಲ್ಲಿ ಶೇ 79ರಷ್ಟು ಮಾದರಿಗಳು ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಮಿತಿಯನ್ನು ಮೀರಿದ್ದವು. ಅತಿ ಹೆಚ್ಚೆಂದರೆ 303. ಕೂದಲು, ಉಗುರು ಕೊಟ್ಟ 171 ಮಂದಿಯಲ್ಲಿ ಒಬ್ಬರೂ ಬಿಡದಂತೆ ಎಲ್ಲರಲ್ಲೂ ಆರ್ಸೆನಿಕ್ ಹೆಚ್ಚಿತ್ತು. ಮೈ ತೋರಿಸಿಕೊಂಡ 181 ಮಂದಿಯಲ್ಲಿ ಶೇ 58.6ರಷ್ಟು ಜನರ ಚರ್ಮದಲ್ಲಿ ಆರ್ಸೆನಿಕ್ ಗುರುತುಗಳು ಕಂಡವು. ಇವಿಷ್ಟೂ ಕೆಟ್ಟ ಸುದ್ದಿಯೇ, ಆದರೆ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಮಣ್ಣಿನ ಲೆಕ್ಕ. ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋಗೆ 2,000 ಮಿಲಿಗ್ರಾಂಗೂ ಮಿಕ್ಕಿ ಆರ್ಸೆನಿಕ್. ಸಾಧಾರಣ ಮಣ್ಣಿನಲ್ಲಿ ಅದು ಇರುವುದು 5ರಿಂದ 10 ಮಿಲಿಗ್ರಾಂ. ಗಣಿಯ ಪುಡಿ ಊರಿಗೆ ಹರಡಿರಬಹುದು ಎಂದು ಸಂಶೋಧಕರು ಶಂಕಿಸಿದರು. ಅಂಗಳದಲ್ಲಿ ಮಣ್ಣಾಡಿ ಬೆರಳು ಚೀಪುವ ಮಗುವಿಗೆ ನೀರು ಬದಲಿಸಿದರಷ್ಟೇ ಸಾಲದು ಎಂದಾಯಿತು.

10 ಮೈಕ್ರೋಗ್ರಾಂ ಎಂದರೆ ಎಷ್ಟು? ಮುಂಬಯಿಯವರಿಗೆ ಟ್ಯಾಂಕರ್ ಲೆಕ್ಕ ಸುಲಭ. ಹತ್ತು ಸಾವಿರ ಲೀಟರಿನ ಹತ್ತು ಟ್ಯಾಂಕರುಗಳಿಗೆ ಒಟ್ಟು ಒಂದು ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಈ ಮಿತಿಯನ್ನು 1993ರಲ್ಲಿ ಹಾಕಿತು, ಅದಕ್ಕೆ ಮುಂಚೆ ಇದ್ದದ್ದು 50. ಭಾರತೀಯ ಮಾನಕ ಬ್ಯೂರೋದ 2012ರ ಕುಡಿಯುವ ನೀರಿನ ಮಾನದಂಡವೂ 10 ಎಂದೇ ಹೇಳಿತು, ಬೇರೆ ನೀರು ಸಿಗದ ಕಡೆ 50ರವರೆಗೆ ಸಡಿಲಿಕೆ ಇಟ್ಟುಕೊಂಡು. ಬೇರೆ ನೀರು ಸಿಗದ ಕಡೆ ದೇಹಕ್ಕೆ ವಿಷ ತಡೆಯುವ ಶಕ್ತಿ ಐದು ಪಟ್ಟು ಹೆಚ್ಚುತ್ತದೆಯೇ ಎಂದು ಕೇಳಬಾರದು, ಮಾನದಂಡಗಳು ಸರ್ಕಾರದ ಕೈಲಾಗುವುದನ್ನೂ ನೋಡಿಕೊಂಡು ಬರೆದವು. ಇದರಲ್ಲಿ ಇನ್ನೊಂದು ಒಳಲೆಕ್ಕವಿದೆ. ಈ ಮಿತಿಗಳ ಹಿಂದಿರುವ ಮನುಷ್ಯ 60 ಕಿಲೋ ತೂಗುತ್ತಾನೆ, ದಿನಕ್ಕೆ ಎರಡು ಲೀಟರ್ ನೀರು ಕುಡಿಯುತ್ತಾನೆ. ಯಾದಗಿರಿಯ ವೈಶಾಖದಲ್ಲಿ, 42 ಡಿಗ್ರಿ ಬಿಸಿಲಿಗೆ ಬೆನ್ನೊಡ್ಡಿ ಹೊಲದಲ್ಲಿ ದುಡಿಯುವ ಹೆಂಗಸು ಅಷ್ಟು ತೂಗುವುದು ಕಷ್ಟ, ಎರಡು ಲೀಟರಿಗೆ ನಿಲ್ಲುವುದು ಇನ್ನೂ ಕಷ್ಟ. ಐದು ಲೀಟರ್ ಎಂದಿಟ್ಟುಕೊಂಡರೆ 303ರ ಬೋರಿನಿಂದ ದಿನಕ್ಕೆ ಒಂದೂವರೆ ಮಿಲಿಗ್ರಾಂ ಅವಳ ಹೊಟ್ಟೆಗೆ. ಮಿತಿಯ ಮನುಷ್ಯನಿಗೆ ಹೋಗಬಹುದಾದ ಆರ್ಸೆನಿಕ್‌ಗಿಂತ ಇದು ಎಪ್ಪತ್ತೈದು ಪಟ್ಟು ಹೆಚ್ಚು. ಆ ನೀರಿನಲ್ಲೇ ಬೆಂದ ಅನ್ನ, ಬೇಳೆ, ಕಾಸಿದ ಚಹಾ ಲೆಕ್ಕಕ್ಕೆ ಬಂದಿಲ್ಲ.

ಒಳಗೆ ಹೋದ ಮೇಲೆ ಏನಾಗುತ್ತದೆ? ಆರ್ಸೆನಿಕ್ ಕಟ್ಟುನಿಟ್ಟಾಗಿ ಹೇಳಿದರೆ ಪೂರ್ತಿ ಲೋಹವೂ ಅಲ್ಲ, ಲೋಹ-ಅಲೋಹಗಳ ನಡುವಿನದು. ಮಾಡುವ ಹಾನಿಯ ದೆಸೆಯಿಂದ ಸೀಸ, ಕ್ಯಾಡ್ಮಿಯಂ, ಪಾದರಸಗಳ ಸಾಲಿನಲ್ಲಿ ಕೂತಿದೆ. ಅದರ ಒಂದು ರೂಪ ಜೀವಕೋಶಕ್ಕೆ ಫಾಸ್ಫೇಟಿನಂತೆ ಕಾಣುತ್ತದೆ, ಹಾಗಾಗಿ ಕೋಶ ಅದನ್ನು ಬಾಗಿಲು ತೆರೆದು ಒಳಗೆ ಬಿಟ್ಟುಕೊಳ್ಳುತ್ತದೆ. ಇನ್ನೊಂದು ರೂಪಕ್ಕೆ ಗಂಧಕದ ಮೇಲೆ ಮೋಹ. ನಮ್ಮ ಕಿಣ್ವಗಳಲ್ಲಿ ಗಂಧಕ ಇರುವಲ್ಲಿ ಹೋಗಿ ಅಂಟಿಕೊಂಡು ಅವುಗಳ ಕೆಲಸ ಕೆಡಿಸುತ್ತದೆ. ಯಕೃತ್ತು ಇದನ್ನು ಬದಲಾಯಿಸಿ ಮೂತ್ರದ ದಾರಿಯಲ್ಲಿ ಹೊರಗೆ ಕಳಿಸಲು ಹೆಣಗುತ್ತದೆ. ಆ ಹೆಣಗಾಟಕ್ಕೆ ಒಳ್ಳೆಯ ಊಟ ಬೇಕು, ಪ್ರೋಟೀನ್ ಬೇಕು, ಫೋಲೇಟ್ ಬೇಕು. ಒಂದೇ ಬೋರಿನ ನೀರು ಕುಡಿದ ಇಬ್ಬರಲ್ಲಿ ಉಂಡವನಿಗಿಂತ ಉಣ್ಣದವನ ಚರ್ಮ ಮೊದಲು ಮಚ್ಚೆಗಟ್ಟುವುದಕ್ಕೆ ಇದೂ ಒಂದು ಕಾರಣ.

ಚರ್ಮ, ಕೂದಲು, ಉಗುರು ಮೂರರಲ್ಲೂ ಇರುವ ಕೆರಟಿನ್ ಎಂಬ ಪ್ರೋಟೀನಿನಲ್ಲಿ ಗಂಧಕ ಧಾರಾಳ. ಅದಕ್ಕೇ ಆರ್ಸೆನಿಕ್ ಅಲ್ಲಿ ಬಂದು ತಂಗುತ್ತದೆ. ಮೊದಲು ಎದೆ, ಬೆನ್ನಿನ ಮೇಲೆ ಮಳೆಹನಿ ಬಿದ್ದ ಹಾಗೆ ಕಪ್ಪು ಬಿಳಿ ಚುಕ್ಕೆ. ಆಮೇಲೆ ಅಂಗೈ, ಅಂಗಾಲು ದಪ್ಪವಾಗಿ ಗಂಟುಗಂಟು. ಸಲಿಕೆ ಹಿಡಿದು, ಬರಿಗಾಲಲ್ಲಿ ನಡೆದು ಬದುಕುವವರಲ್ಲಿ ಇದನ್ನು ಕೆಲಸದ ಜಡ್ಡು ಎಂದುಕೊಳ್ಳುವುದು ಬಹಳ ಸುಲಭ. ಸಾಮಾನ್ಯವಾಗಿ ಐದು ಹತ್ತು ವರ್ಷ ನೀರು ಕುಡಿದ ಮೇಲೆ ಬರುವ ಗುರುತುಗಳಿವು. ಕೆಲವರಲ್ಲಿ ಅವು ಚರ್ಮದ ಕ್ಯಾನ್ಸರ್ ಆಗಿ ತಿರುಗುತ್ತವೆ. ಚರ್ಮಕ್ಕಿಂತ ಭಯಪಡಬೇಕಾದದ್ದು ಒಳಗಿನದು, ಶ್ವಾಸಕೋಶ ಮತ್ತು ಮೂತ್ರಕೋಶದ ಕ್ಯಾನ್ಸರ್. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆರ್ಸೆನಿಕ್ ಅನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತವಾದ ಮೊದಲ ಗುಂಪಿನಲ್ಲೇ ಇಟ್ಟಿದೆ. ಒಬ್ಬರಿಂದ ಒಬ್ಬರಿಗೆ ಅಂಟುವ ರೋಗ ಇದಲ್ಲ. ಇದನ್ನು ಪ್ರತಿ ಊರಲ್ಲೂ ಹೊಸದಾಗಿ ಹೇಳಬೇಕಾಗುತ್ತದೆ, ಏಕೆಂದರೆ ಚರ್ಮ ಕೆಟ್ಟವರ ಮನೆಗೆ ಹೆಣ್ಣು ಕೊಡುವುದೂ ತರುವುದೂ ನಿಂತುಹೋಗುವ ನಾಡು ನಮ್ಮದು.

ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬೆಳೆಯುವಾಗ ರಕ್ತದಲ್ಲಿ ಏನಿತ್ತೋ ಅದರ ಗುರುತು ಎಳೆಯಲ್ಲಿ ಉಳಿಯುತ್ತದೆ. ಆರ್ಸೆನಿಕ್ ಬೋರಿನ ಊರಿನಿಂದ ಬಂದು ಆರು ತಿಂಗಳು ಜೋಗೇಶ್ವರಿಯಲ್ಲಿ ದುಡಿದ ಹೆಂಗಸಿನ ಜಡೆಯ ಒಂದು ಎಳೆಯನ್ನು ತುಂಡುತುಂಡಾಗಿ ಪರೀಕ್ಷಿಸಿದರೆ, ಬುಡದ ಐದಾರು ಸೆಂಟಿಮೀಟರ್ ಇಲ್ಲಿನ ಕೆರೆಯ ನೀರಿನದು, ಅದರಾಚೆಯದು ಊರಿನ ನೀರಿನದು. ಕೂದಲಿಗೆ ಹೊರಗಿನ ಧೂಳು, ಸ್ನಾನದ ನೀರೂ ಮೆತ್ತುವುದರಿಂದ ಪ್ರಯೋಗಾಲಯದವರು ಇಷ್ಟು ಸರಳವಾಗಿ ತೀರ್ಪು ಕೊಡುವುದಿಲ್ಲ, ಅದು ಸರಿಯೇ. ಆದರೂ ಗುಳೆಯ ಬದುಕನ್ನು ಇಷ್ಟು ನಿಖರವಾಗಿ ಬರೆದಿಟ್ಟುಕೊಂಡ ದಾಖಲೆ ಯಾವ ಕಾರ್ಮಿಕ ಇಲಾಖೆಯ ಕಪಾಟಿನಲ್ಲೂ ಇರಲಾರದು.

ಕೆರೆ ನೀರಿಗೆ ಬಂದ ಮೇಲೆ ಪಾರಾದಂತೆಯೇ? ಇದಕ್ಕೆ ಉತ್ತರ ಚಿಲಿ ದೇಶದ ಆಂಟೊಫಗಾಸ್ಟಾ ನಗರದಲ್ಲಿದೆ. ತಾಮ್ರದ ಗಣಿಗಳ ಆ ಮರುಭೂಮಿ ನಾಡಿನಲ್ಲಿ ನಗರಕ್ಕೆ 1958ರಿಂದ ನದಿಯ ನೀರು ತಂದರು. ಬೆಟ್ಟದ ಕಲ್ಲಿನಿಂದಲೇ ಬಂದ ಆರ್ಸೆನಿಕ್ ಅದರಲ್ಲಿ ಲೀಟರಿಗೆ ಸರಾಸರಿ 860 ಮೈಕ್ರೋಗ್ರಾಂ ಇತ್ತು. 1970ರ ಹೊತ್ತಿಗೆ ಶುದ್ಧೀಕರಣ ಘಟಕ ಕಟ್ಟಿ ನೀರನ್ನು ಸರಿಪಡಿಸಿದರು. ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರಿನ ಸಾವುಗಳು ಮಾತ್ರ ಆಮೇಲೂ ಏರುತ್ತಲೇ ಹೋಗಿ ಎರಡು ದಶಕ ಕಳೆದ ಮೇಲೆ ತುದಿ ಮುಟ್ಟಿದವು. ಗರ್ಭದಲ್ಲಿದ್ದಾಗ, ಎಳವೆಯಲ್ಲಿ ಆ ನೀರು ಕುಡಿದವರು ನಡುವಯಸ್ಸಿಗೆ ಬಂದಾಗ ಇತರರಿಗಿಂತ ಹೆಚ್ಚು ಸತ್ತರು. ನೀರು ಬದಲಿಸುವುದರಿಂದ ಹೊಸ ಹಾನಿ ನಿಲ್ಲುತ್ತದೆ, ಎಳೆಯ ಮಚ್ಚೆಗಳು ಮಾಸುವುದೂ ಉಂಟು. ಹಳೆಯ ಸಾಲ ಉಳಿದೇ ಇರುತ್ತದೆ.

ಇನ್ನು ಹೊಣೆಯ ಮಾತು. ಮಂಗಳೂರು ಪಟ್ಟಿಯ ನೀರಿನ ಆರ್ಸೆನಿಕ್ ಬಂಡೆಯಿಂದ ತಾನಾಗಿ ಬಂದದ್ದೆಷ್ಟು, ಗಣಿಯ ಪುಡಿಯಿಂದ ಬಂದದ್ದೆಷ್ಟು ಎಂದು ಬೇರ್ಪಡಿಸಲು ಇನ್ನಷ್ಟು ಅಧ್ಯಯನ ಬೇಕೆಂದು 2013ರ ವರದಿಯೇ ಹೇಳಿತ್ತು. ವಿಜ್ಞಾನಿಗಳ ಮಟ್ಟಿಗೆ ಇದು ಪ್ರಾಮಾಣಿಕ ಮಾತು. ಕಚೇರಿಗಳ ಮಟ್ಟಿಗೆ ಇದಕ್ಕಿಂತ ಹಿತವಾದ ಮಾತು ಇನ್ನೊಂದಿಲ್ಲ. ‘ನೈಸರ್ಗಿಕ’ ಎಂದ ಕೂಡಲೇ ಯಾರ ಹೆಸರೂ ಬರೆಯಬೇಕಾಗಿಲ್ಲ. ನನಗೆ ಕಾಣುವಂತೆ ಈ ಪ್ರಶ್ನೆಯನ್ನು ಬಿಡಿಸಲಾಗದಂತೆ ಮಾಡಿದವರೇ ಅದರ ಲಾಭ ಪಡೆಯುತ್ತಿದ್ದಾರೆ. ಗಣಿ ತೆರೆಯುವ ಮೊದಲು ಸುತ್ತಲಿನ ಬಾವಿಗಳ ನೀರನ್ನು ಒಮ್ಮೆ ಪರೀಕ್ಷಿಸಿ ಬರೆದಿಟ್ಟಿದ್ದರೆ, ಮುಚ್ಚಿದ ಮೇಲೆ ಮತ್ತೊಮ್ಮೆ ನೋಡಿದ್ದರೆ, ಕಳೆಯುವ ಲೆಕ್ಕ ಶಾಲೆಯ ಹುಡುಗನೂ ಮಾಡುತ್ತಿದ್ದ. ಗಣಿಗಳಿಗೆ ಮುಚ್ಚುವ ಯೋಜನೆ ಕಡ್ಡಾಯ ಎಂಬ ನಿಯಮ ನಮ್ಮಲ್ಲಿ ಬಂದದ್ದೇ 2003ರಲ್ಲಿ. ಮಂಗಳೂರು ಅಷ್ಟರಲ್ಲಿ ಮುಚ್ಚಿ ವರ್ಷಗಳಾಗಿದ್ದವು. ಕೋಲಾರದ ಚಿನ್ನದ ಗಣಿಯ ಕೊನೆಯ ಪಾಳಿ ಮುಗಿದದ್ದು 2001ರ ಫೆಬ್ರುವರಿ 28ರಂದು. ಅದೂ ನಿಯಮಕ್ಕಿಂತ ಮುಂಚೆಯೇ.

ಕೆಜಿಎಫ್‌ನಲ್ಲಿ ಪುಡಿಯ ಗುಡ್ಡಗಳೇ ಇವೆ. ಅಲ್ಲಿಯ ಜನ ಅವನ್ನು ಸಯನೈಡ್ ದಿಬ್ಬ ಎನ್ನುತ್ತಾರೆ, ಸಿನಿಮಾದವರು ಹಿನ್ನೆಲೆಗೆ ಬಳಸಿಕೊಳ್ಳುತ್ತಾರೆ, ಬೇಸಿಗೆಯ ಗಾಳಿಗೆ ಧೂಳು ಮನೆಯೊಳಗೆ ಬರುತ್ತದೆ. 13 ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಪುಡಿಯಿದೆ. ಅರೆದ ಮೇಲೂ ಉಳಿದ ಚಿನ್ನವನ್ನು ಅದರಿಂದ ಮತ್ತೆ ತೆಗೆಯುವ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಚಿನ್ನದ ಬೆಲೆ ಹೀಗೆ ಏರುತ್ತಿರುವಾಗ ಹಳೆಯ ಸಣ್ಣ ಗಣಿಗಳ ಬಾಗಿಲನ್ನೂ ಯಾರಾದರೂ ತಟ್ಟದೆ ಇರಲಾರರು. ದಿಬ್ಬ ಕರಗಿಸುವುದು ಕೆಟ್ಟದ್ದೇ ಆಗಬೇಕಿಲ್ಲ, ಸರಿಯಾಗಿ ಮಾಡಿದರೆ ಹಳೆಯ ಕೊಳೆ ತೆಗೆಯಲು ಅದೊಂದು ಅವಕಾಶ. ಆದರೆ ಮೊದಲ ಲಾರಿ ಹೊರಡುವ ಮುನ್ನ ಸುತ್ತಲ ಬೋರುಗಳ ಲೆಕ್ಕ ಬರೆದಿದ್ದಾರೆಯೇ, ಬರೆದದ್ದನ್ನು ಪಂಚಾಯಿತಿ ಗೋಡೆಯ ಮೇಲೆ ಹಾಕಿದ್ದಾರೆಯೇ ಎಂಬುದನ್ನು ಕೇಳಬೇಕು. ಕೆನಡಾದ ಯೆಲ್ಲೋನೈಫ್ ಊರಿನ ಜೈಂಟ್ ಮೈನ್ ಎಂಬ ಚಿನ್ನದ ಗಣಿ 2004ರಲ್ಲಿ ಪೂರ್ತಿ ನಿಂತಿತು. ಅದಿರನ್ನು ಹುರಿಯುವಾಗ ಬಂದ 2,37,000 ಟನ್ ಆರ್ಸೆನಿಕ್ ಪುಡಿ ಈಗಲೂ ಅದರ ಸುರಂಗಗಳಲ್ಲಿದೆ. ನೀರು ತಾಗದಂತೆ ಅದನ್ನು ನೆಲದೊಳಗೇ ಹೆಪ್ಪುಗಟ್ಟಿಸಿ ಇಡುವ ಖರ್ಚು ಅಲ್ಲಿನ ಸರ್ಕಾರದ್ದು, ಅಂದರೆ ತೆರಿಗೆ ಕಟ್ಟುವವರದು. ಚಿನ್ನ ತೆಗೆದ ಕಂಪನಿ ದಿವಾಳಿಯಾಗಿ ಹೋಗಿತ್ತು.

ಊರಿನಲ್ಲಿ ಆಗಬೇಕಾದ ಕೆಲಸಕ್ಕೆ ದುಬಾರಿ ತಂತ್ರಜ್ಞಾನವೇ ಬೇಕೆಂದಿಲ್ಲ. ಕಬ್ಬಿಣದ ತುಕ್ಕಿಗೆ ಆರ್ಸೆನಿಕ್ ಅಂಟುತ್ತದೆ ಎಂದೆನಲ್ಲ, ಬಹುತೇಕ ಸೋಸುಕಗಳು ಅದೇ ಗುಣದ ಮೇಲೆ ನಡೆಯುತ್ತವೆ. ತೊಂದರೆ ಬರುವುದು ಆರು ತಿಂಗಳ ನಂತರ. ಸೋಸುವ ಪದಾರ್ಥ ತುಂಬಿಹೋದಾಗ ಬದಲಿಸುವವರು ಯಾರು, ವಿಷ ಹೀರಿದ ಕೆಸರನ್ನು ಸುರಿಯುವುದೆಲ್ಲಿ? ನಾಮಫಲಕ ಹೊಳೆಯುತ್ತಾ ಒಳಗೆ ಒಣಗಿ ನಿಂತ ಶುದ್ಧ ನೀರಿನ ಘಟಕಗಳನ್ನು ಉತ್ತರ ಕರ್ನಾಟಕದಲ್ಲಿ ಓಡಾಡಿದವರೆಲ್ಲ ಕಂಡಿದ್ದಾರೆ. ದೂರದ ನದಿಯ ನೀರನ್ನು ಪೈಪಿನಲ್ಲಿ ತಂದು ಕೊಡುವುದೇ ಗಟ್ಟಿ ದಾರಿ, ಸುರಪುರಕ್ಕೆ ಕೃಷ್ಣೆ ದೂರವೂ ಅಲ್ಲ. 2019ರ ಜಲ ಜೀವನ್ ಮಿಷನ್ ಆರ್ಸೆನಿಕ್, ಫ್ಲೋರೈಡ್ ಇರುವ ಊರುಗಳಿಗೆ ಮೊದಲ ಆದ್ಯತೆ ಎಂದಿದೆ. ಪೈಪು ಬಂದ ಊರಲ್ಲೂ ವಿದ್ಯುತ್ ಇಲ್ಲದ ದಿನ, ಮೋಟರ್ ಸುಟ್ಟ ವಾರ ಜನ ಮತ್ತೆ ಹೋಗುವುದು ಆ ಹಳೆಯ ಬೋರಿಂಗ್‌ಗೇ. ಅದಕ್ಕೆ ಬಳಿದ ಕೆಂಪು ಬಣ್ಣ ಎರಡು ಮಳೆಗೆ ಮಾಸುತ್ತದೆ. ಅಂದ ಹಾಗೆ, ಕಾಯಿಸಿ ಕುಡಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಇಲ್ಲಿ ತಿರುಗುಬಾಣ. ಕ್ರಿಮಿ ಸಾಯುತ್ತದೆ, ಆರ್ಸೆನಿಕ್ ಆವಿಯಾಗುವುದಿಲ್ಲ. ನೀರು ಇಂಗಿದಷ್ಟೂ ಅದು ದಟ್ಟವಾಗುತ್ತದೆ.

ಜೋಗೇಶ್ವರಿಗೆ ಮರಳಿ ಬಂದರೆ, ಇಲ್ಲಿ ಈ ಕಾಯಿಲೆಯವರು ತೋರಿಸಿಕೊಳ್ಳುವುದು ಗಲ್ಲಿಯ ದವಾಖಾನೆಯಲ್ಲಿ, ಹೆಚ್ಚೆಂದರೆ ಹೆದ್ದಾರಿ ಪಕ್ಕದ ಪಾಲಿಕೆಯ ಟ್ರಾಮಾ ಆಸ್ಪತ್ರೆಯಲ್ಲಿ ಅಥವಾ ಕೂಪರ್‌ನಲ್ಲಿ. ಅಂಗೈ ಒಡೆದ ಕಟ್ಟಡ ಕೂಲಿಯನ್ನು ಕಂಡ ವೈದ್ಯರಿಗೆ ಮೊದಲು ಹೊಳೆಯುವುದು ಸಿಮೆಂಟ್. ಸಿಮೆಂಟ್ ಕೈ ಸುಡುವುದೂ ನಿಜವೇ, ಆದರೆ ಅದು ಅಂಗಾಲಿನಲ್ಲಿ ಸಮನಾಗಿ ಗಂಟು ಕಟ್ಟುವುದಿಲ್ಲ, ಎದೆಯ ಮೇಲೆ ಮಳೆಹನಿ ಮಚ್ಚೆ ಮೂಡಿಸುವುದಿಲ್ಲ. ಅಂಗಿ ಬಿಚ್ಚಿಸಿ ನೋಡಿದರೆ, ಚಪ್ಪಲಿ ತೆಗೆಸಿದರೆ, ಊರಲ್ಲಿ ಯಾವ ನೀರು, ಎಷ್ಟು ವರ್ಷ ಎಂದು ಕೇಳಿದರೆ ದಾರಿ ಸಿಗುತ್ತದೆ. ಯಾದಗಿರಿ, ರಾಯಚೂರಿನ ಗಣಿ ಸೀಮೆಯವರಾದರೆ ಹೇಳದೆಯೇ ಕೇಳಬೇಕು.

ಒಂದು ಎಚ್ಚರ ಬೇಕು. ಮೂತ್ರ ಪರೀಕ್ಷೆ ತೋರಿಸುವುದು ಕಳೆದ ಕೆಲವೇ ದಿನಗಳ ಆರ್ಸೆನಿಕ್ ಅನ್ನು. ಇಲ್ಲಿ ಎರಡು ತಿಂಗಳಿನಿಂದ ಕೆರೆ ನೀರು ಕುಡಿಯುತ್ತಿರುವ ಗಂಡಸಿನ ಮೂತ್ರದಲ್ಲಿ ಏನೂ ಸಿಗದೆ ಹೋಗಬಹುದು, ವರದಿ ಸರಿಯಾಗಿದೆ ಎಂದು ಬರಬಹುದು. ಅವನ ಮಕ್ಕಳು ಅಜ್ಜಿಯ ಜೊತೆ ತಾಂಡಾದಲ್ಲೇ ಇರುತ್ತಾರೆ, ಶಾಲೆ ಇದೆಯೆಂದು. ಅವರ ಬಗ್ಗೆ ಆ ವರದಿ ಏನೂ ಹೇಳುವುದಿಲ್ಲ. ಪರೀಕ್ಷೆಗೆ ಹೋಗಬೇಕಾದ್ದು ಆ ಬೋರಿಂಗ್‌ನ ನೀರು. ಹಬ್ಬಕ್ಕೆ ಊರಿಗೆ ಹೋದವರು ಮೊದಲೇ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ವಿಚಾರಿಸಿ, ಅವರು ಕೊಟ್ಟ ಬಾಟಲಿಯಲ್ಲೇ, ಪಂಪನ್ನು ಸ್ವಲ್ಪ ಹೊತ್ತು ಹೊಡೆದು ನಿಂತ ನೀರು ಹೋದ ಮೇಲೆ ತುಂಬಿಸಿ, ಯಾವ ಬೋರು, ಯಾವ ದಿನ ಎಂದು ಮೇಲೆ ಬರೆದು ಕೊಡಬಹುದು. ಕೊಡುವಾಗ ‘ಕುಡಿಯುವ ನೀರಿನ ಪರೀಕ್ಷೆ’ ಎಂದಷ್ಟೇ ಹೇಳಿದರೆ ಗಡಸುತನ, ಫ್ಲೋರೈಡ್, ನೈಟ್ರೇಟ್‌ಗಳಿಗೆ ನಿಲ್ಲಿಸಿಬಿಡುವ ಸಾಧ್ಯತೆ ಇರುತ್ತದೆ. ಆರ್ಸೆನಿಕ್ ಎಂದು ಹೆಸರು ಹಿಡಿದೇ ಕೇಳಬೇಕು.